35 ದಿನ, 25 ದಿನ: ಚಿಕ್ಕಪ್ಪನ ಲೆಕ್ಕ

ಬೆಂಗಳೂರು ಬಿಟ್ಟು ಸೋಮವಾರಪೇಟೆಗೆ ಬಂದು ಕೂತಿದೀನಲ್ಲ, ಯಾಕೆ ಅಂತ ಕೇಳೋರಿಗೆಲ್ಲ ಒಟ್ಟಿಗೆ ಹೇಳ್ಬಿಡ್ತೀನಿ, ಕೆಲಸ ಹೋಯ್ತು. ಮೊಬೈಲ್ ನೆಟ್‌ವರ್ಕ್ ಸಾಮಾನು ಮಾಡೋ ಕಂಪನಿ, ಹೆಸರು ಬೇಡ. ‘ರೀಸ್ಟ್ರಕ್ಚರಿಂಗ್’ ಅಂತ ಒಂದು ಮೇಲ್, ಆಮೇಲೆ ಎಚ್ಆರ್ ಜೊತೆ ಕಾಲು ಗಂಟೆ ಕಾಲ್, ಸಂಜೆಗೆ ಲ್ಯಾಪ್‌ಟಾಪ್ ಲಾಕ್.

ಈ ಫೀಲ್ಡಲ್ಲಿ ಇದೇನು ಹೊಸದಲ್ಲ ಬಿಡಿ. 2023ರಲ್ಲಿ ಎರಿಕ್ಸನ್ 8,500 ಜನರನ್ನ, ನೋಕಿಯಾ 14,000 ತನಕ ತೆಗೀತೀವಿ ಅಂತ ಹೇಳಿದ್ವು (ನಾನಿದ್ದದ್ದು ಇವೆರಡರಲ್ಲೂ ಅಲ್ಲ). 5ಜಿ ಅಂತ ಆಪರೇಟರ್‌ಗಳು ಮೊದಲು ದುಡ್ಡು ಸುರಿದ್ರು, ಆಮೇಲೆ ಕೈ ಬಿಗಿ ಹಿಡಿದ್ರು, ಹೊಡೆತ ಬಿದ್ದಿದ್ದು ನಮಗೆ.

ನಮ್ಮ ಚಿಕ್ಕಪ್ಪ ಬಿಎಸ್ಎನ್ಎಲ್ ಲೈನ್‌ಮ್ಯಾನ್ ಆಗಿದ್ರು. 2019ರ ನವೆಂಬರಲ್ಲಿ ವಿಆರ್‌ಎಸ್ (ಸ್ವಯಂ ನಿವೃತ್ತಿ ಯೋಜನೆ) ಬಂತು, 50 ದಾಟಿದೋರಿಗೆ. ಅರೇಬಿಕಾ ಕಾಫಿ ಕೊಯ್ಲು ನಡೀತಿತ್ತು, ಇವರು ಮಾತ್ರ ಕ್ಯಾಲೆಂಡರ್ ಹಿಂಬದೀಲಿ ಲೆಕ್ಕ ಹಾಕ್ತಾ ಕೂತಿದ್ರು. ಮುಗಿಸಿದ ಸರ್ವಿಸ್‌ಗೆ ವರ್ಷಕ್ಕೆ 35 ದಿನದ ಸಂಬಳ, ರಿಟೈರಾಗೋಕೆ ಉಳಿದಿದ್ದಕ್ಕೆ ವರ್ಷಕ್ಕೆ 25 ದಿನದ್ದು. ಕೂಡಿ, ಅಳಿಸಿ, ಮತ್ತೆ ಕೂಡಿ, ಚಿಕ್ಕಮ್ಮ ‘ಇದ್ರೇ ಒಳ್ಳೇದಲ್ವಾ’ ಅಂದಾಗ ಇನ್ನೊಂದ್ಸಲ ಅಳಿಸಿ, ಕೊನೆಗೆ ಸೈನ್ ಹಾಕಿದ್ರು. ಸುಮಾರು ಒಂದೂವರೆ ಲಕ್ಷ ಜನರಲ್ಲಿ 78 ಸಾವಿರಕ್ಕೂ ಮೇಲೆ ಜನ 2020ರ ಜನವರಿ 31ಕ್ಕೆ ಒಂದೇ ದಿನ ಮನೆಗೆ. ಅದೂ ದೊಡ್ಡ ಕಡಿತವೇ, ಸಂಬಳ ತಡವಾಗ್ತಿದ್ದ ಕಾಲದಲ್ಲಿ ಎಷ್ಟು ಮಂದಿ ಖುಷಿಯಿಂದ ಬರೆದುಕೊಟ್ರೋ ದೇವರಿಗೇ ಗೊತ್ತು. ಆದ್ರೆ ಯೋಚ್ನೆ ಮಾಡೋಕೆ ಒಂದು ತಿಂಗಳಿತ್ತು, ಲೆಕ್ಕ ಎಲ್ಲರ ಕಣ್ಣ ಮುಂದಿತ್ತು.

ಇಂದಿಗೂ ಮಳೆಗಾಲದಲ್ಲಿ ಮರ ಬಿದ್ದು ವೈರ್ ಹರಿದ್ರೆ ಅಕ್ಕಪಕ್ಕದ ತೋಟದೋರು ಮೊದಲು ಇವರನ್ನೇ ಕೇಳ್ತಾರೆ, ಯಾವ ಸಿಲ್ವರ್ ಓಕ್ ಬುಡದಲ್ಲಿ ಕೇಬಲ್ ಜಾಯಿಂಟ್ ಇದೆ ಅಂತ ಇವರಿಗಷ್ಟೇ ಗೊತ್ತು. ‘ನಾನು ರಿಟೈರಾಗಿದೀನಿ ಮಾರಾಯ’ ಅಂತ ಬೈತಾನೇ ಕತ್ತಿ ಹಿಡಿದು ಹೊರಡ್ತಾರೆ.

ಮೊನ್ನೆ ಕೇಳಿದ್ರು, ‘ನಿಂಗೆ ವರ್ಷಕ್ಕೆಷ್ಟು ದಿನದ ಲೆಕ್ಕ?’ ಲೆಟರ್ ತೋರಿಸ್ದೆ. ಒಂದು ಮೊತ್ತ ಇದೆ, ಅದು ಹೇಗೆ ಬಂತು ಅಂತ ಇಲ್ಲ. ಕೆಳಗೆ ‘ಸ್ವಇಚ್ಛೆಯಿಂದ ರಾಜೀನಾಮೆ’ ಅಂತಿದೆ, ಹಾಗೆ ಬರೆದುಕೊಟ್ರೇನೇ ದುಡ್ಡು ಅಂದಿದ್ರು. ಅಂದ್ರೆ ಪೇಪರ್ ಮೇಲೆ ನನ್ನನ್ನ ಯಾರೂ ತೆಗೆದೇ ಇಲ್ಲ. ಚಿಕ್ಕಪ್ಪ ಎರಡೆರಡು ಸಲ ಓದಿ, ‘ಇದಕ್ಕೆ ಸೈನ್ ಹಾಕೋ ಮೊದ್ಲು ಒಂದು ಫೋನ್ ಮಾಡ್ಬಾರ್ದಿತ್ತಾ’ ಅಂದ್ರು.

ಸದ್ಯ ರೋಬಸ್ಟಾ ಕೊಯ್ಲು ಮುಗಿಯೋ ತನಕ ಇಲ್ಲೇ ಇರ್ತೀನಿ. ನೆಟ್‌ವರ್ಕ್ ಪ್ಲಾನಿಂಗ್ ಕಡೆ ಎಲ್ಲಾದ್ರೂ ಓಪನಿಂಗ್ ಇದ್ರೆ ತಿಳಿಸಿ, ಮೈಸೂರಾದ್ರೂ ಸರಿ.