ಡಾರ್ಕ್ ಮ್ಯಾಟರ್ ಹುಡುಕೋಕೆ ಸಪ್ಪೆ ಗ್ಯಾಲಕ್ಸಿಗಳೇ ವಾಸಿ

ಡಾರ್ಕ್ ಮ್ಯಾಟರ್, ಅಂದ್ರೆ ಕಣ್ಣಿಗೆ ಕಾಣದ, ಗುರುತ್ವದಿಂದಷ್ಟೇ ಸುಳಿವು ಕೊಡೋ ವಸ್ತು, ಇದೆ ಅನ್ನೋದ್ರಲ್ಲಿ ನಂಗೇನೂ ಅನುಮಾನ ಇಲ್ಲ, 1970ರಲ್ಲೇ ವೇರಾ ರೂಬಿನ್ ಮತ್ತೆ ಕೆಂಟ್ ಫೋರ್ಡ್ ಪಕ್ಕದ ಆಂಡ್ರೊಮೆಡಾ ಗ್ಯಾಲಕ್ಸಿಯ ಹೊರಭಾಗ ಎಷ್ಟು ಜೋರಾಗಿ ಸುತ್ತತ್ತೆ ಅಂತ ಅಳೆದು ತೋರಿಸಿದ್ರು, ಕಾಣೋ ವಸ್ತುವಿನ ಗುರುತ್ವ ಅಷ್ಟು ವೇಗಕ್ಕೆ ಸಾಲಲ್ಲ. ಆದ್ರೆ ಅದೆಲ್ಲ ಗುರುತ್ವದ ಲೆಕ್ಕ ಅಷ್ಟೇ. ಡಾರ್ಕ್ ಮ್ಯಾಟರ್ ಕಣಗಳು ಒಂದಕ್ಕೊಂದು ಡಿಕ್ಕಿ ಹೊಡೆದು ನಾಶ ಆಗೋವಾಗ ಗಾಮಾ ಕಿರಣ (ತುಂಬಾ ಶಕ್ತಿಯ ಬೆಳಕು) ಬರಬಹುದು ಅಂತ ಥಿಯರಿ ಹೇಳತ್ತಲ್ಲ, ಅದು ಸಿಕ್ಕಿದ್ಯಾ?

ಎಲ್ಲರ ಕಣ್ಣೂ ನಮ್ಮ ಗ್ಯಾಲಕ್ಸಿಯ ನಡುಭಾಗದ ಮೇಲೆ. ಸುಮಾರು 26,000 ಜ್ಯೋತಿರ್ವರ್ಷ ದೂರ, ಧನು ರಾಶಿ ಕಡೆ. 2008ರಲ್ಲಿ ಬಾಹ್ಯಾಕಾಶಕ್ಕೆ ಹಾರಿದ ಫರ್ಮಿ ಗಾಮಾ ಕಿರಣ ಟೆಲಿಸ್ಕೋಪಿನ ಡೇಟಾ ನೋಡಿ ಮಾರನೇ ವರ್ಷವೇ ಲೀಸಾ ಗುಡಿನಫ್, ಡಾನ್ ಹೂಪರ್ ಅಲ್ಲಿ ಲೆಕ್ಕಕ್ಕಿಂತ ಜಾಸ್ತಿ ಗಾಮಾ ಕಿರಣ ಬರ್ತಿದೆ ಅಂದ್ರು. ನಿಜಾನೇ, ಬರ್ತಿದೆ. ಆದ್ರೆ ಆ ಜಾಗ ಜಾತ್ರೆ ಇದ್ದಂಗೆ, ಪಲ್ಸಾರು (ಗಿರಗಿರ ತಿರುಗೋ ಸತ್ತ ನಕ್ಷತ್ರ), ಸೂಪರ್‌ನೋವಾ (ನಕ್ಷತ್ರ ಸ್ಫೋಟ) ಅವಶೇಷ, ಗ್ಯಾಸಿಗೆ ಬಡಿಯೋ ಕಾಸ್ಮಿಕ್ ರೇ (ವೇಗವಾಗಿ ಹಾರೋ ಕಣ), ಯಾರ ದನಿ ಯಾರದ್ದು ಅಂತ ಹೆಂಗೆ ಹೇಳೋದು? 2015ರಲ್ಲಿ ಕೆಲವು ಸಂಶೋಧಕರು ಆ ಬೆಳಕು ನುಣ್ಣಗಿಲ್ಲ, ತರಿತರಿಯಾಗಿದೆ, ಅಂದ್ರೆ ಪಲ್ಸಾರ್‌ಗಳಂಥ ಚುಕ್ಕಿಗಳೇ ಇರ್ಬೇಕು ಅಂದ್ರು, 2019ರಲ್ಲಿ ರೆಬೆಕ್ಕಾ ಲೀನ್, ಟ್ರೇಸಿ ಸ್ಲೇಟಿಯರ್ ಬಂದು ಆ ಲೆಕ್ಕದ ವಿಧಾನವೇ ದಾರಿ ತಪ್ಪಬಹುದು ಅಂತ ತೋರಿಸಿದ್ರು. ಜಗಳ ಇನ್ನೂ ಮುಗಿದಿಲ್ಲ.

ನಾನಂತೂ ಕುಬ್ಜ ಗ್ಯಾಲಕ್ಸಿಗಳ, ಅಂದ್ರೆ ನಮ್ಮ ಗ್ಯಾಲಕ್ಸಿ ಸುತ್ತ ಇರೋ ಪುಟ್ಟ, ಮಂಕು ಗ್ಯಾಲಕ್ಸಿಗಳ ಪಾರ್ಟಿ. ಸೆಗ್ಯೂ 1 ಅಂತ ಒಂದಿದೆ, ಸುಮಾರು 75,000 ಜ್ಯೋತಿರ್ವರ್ಷ ದೂರ, ಇಡೀ ಗ್ಯಾಲಕ್ಸಿ ಬೆಳಗೋದು ಕೆಲವೇ ನೂರು ಸೂರ್ಯರಷ್ಟು! ಹವಾಯಿಯ ಕೆಕ್ ಟೆಲಿಸ್ಕೋಪಿನಲ್ಲಿ ಅದರ ನಕ್ಷತ್ರಗಳ ವೇಗ ಒಂದೊಂದಾಗಿ ಅಳೆದು ತೂಕ ಹಾಕಿದ್ರೆ ಲಕ್ಷಗಟ್ಟಲೆ ಸೂರ್ಯರಷ್ಟು ಬರತ್ತೆ, ಅಂದ್ರೆ ಹೆಚ್ಚುಪಾಲು ಡಾರ್ಕ್ ಮ್ಯಾಟರೇ. ಅಲ್ಲಿ ಗ್ಯಾಸ್ ಇಲ್ಲ ಅನ್ನೋಷ್ಟು ಕಮ್ಮಿ, ಹೊಸ ನಕ್ಷತ್ರ ಹುಟ್ಟಲ್ಲ, ಗಾಮಾ ಕಿರಣ ಕಂಡ್ರೆ ನೆಪ ಹೇಳೋಕೆ ಬೇರೆ ಯಾರೂ ಸಿಗಲ್ಲ. ಫರ್ಮಿ ತಂಡ ಇಂಥ 15 ಗ್ಯಾಲಕ್ಸಿಗಳ 6 ವರ್ಷದ ಡೇಟಾ ಒಟ್ಟು ಹಾಕಿ 2015ರಲ್ಲಿ ಕೊಟ್ಟ ಉತ್ತರ: ಏನೂ ಕಾಣ್ಲಿಲ್ಲ. ಇದನ್ನ ಸೋಲು ಅನ್ನೋರಿಗೆ ನಾನು ಒಪ್ಪಲ್ಲ, ಈ ಮೌನದಿಂದಲೇ ಸುಮಾರು 100 ಜಿಇವಿಗಿಂತ (ಒಂದು ಜಿಇವಿ ಅಂದ್ರೆ ಹೆಚ್ಚುಕಮ್ಮಿ ಒಂದು ಪ್ರೋಟಾನಿನ ತೂಕ) ಹಗುರವಾದ ಸರಳ ವಿಂಪ್ (ಡಾರ್ಕ್ ಮ್ಯಾಟರ್ ಆಗಿರಬಹುದು ಅಂತ ಊಹಿಸಿರೋ ಕಣ) ಮಾಡೆಲ್‌ಗಳಲ್ಲಿ ಎಷ್ಟೋ ಇಕ್ಕಟ್ಟಿಗೆ ಸಿಕ್ಕಿವೆ. ನಡುಭಾಗದ ಬೆಳಕು ಡಾರ್ಕ್ ಮ್ಯಾಟರಿಂದೇ ಆಗಿದ್ರೆ ಈ ಪುಟಾಣಿಗಳಲ್ಲೂ ಒಂಚೂರು ಕಾಣ್ಬೇಕು, ಆದ್ರೆ ನಡುಭಾಗದಲ್ಲಿ ಡಾರ್ಕ್ ಮ್ಯಾಟರ್ ಎಷ್ಟು ಗಟ್ಟಿಯಾಗಿ ಸೇರಿದೆ ಅನ್ನೋದೇ ಪಕ್ಕಾ ಇಲ್ದಿರೋದ್ರಿಂದ ಇನ್ನೂ ಪೂರ್ತಿ ತಳ್ಳಿಹಾಕೋಕೂ ಆಗಲ್ಲ. ಹತ್ತಿರದಲ್ಲಿ ಇನ್ನೊಂದಷ್ಟು ಕುಬ್ಜಗಳು ಸಿಕ್ಕಿ, ಅವನ್ನೂ ಲೆಕ್ಕಕ್ಕೆ ಸೇರಿಸಿದ್ರೆ ಈ ತಕರಾರು ಬೇಗ ಬಗೆಹರಿಯತ್ತೆ.