ಮನೆ ನಂಬರು 626

ನಿನ್ನೆ ರಾತ್ರಿ ಹಳೆಯ ಕಪ್ಪು ಬಿಳುಪು ದೃಶ್ಯವೊಂದನ್ನು ಮತ್ತೆ ನೋಡಿದೆ. 1964ರ ಆಗಸ್ಟ್ 22, ಅಮೆರಿಕದ ಅಟ್ಲಾಂಟಿಕ್ ಸಿಟಿ. ಡೆಮಾಕ್ರಟಿಕ್ ಪಕ್ಷದ ಅಧಿವೇಶನ ಇನ್ನೇನು ಶುರುವಾಗಬೇಕು, ಅಧ್ಯಕ್ಷ ಅಭ್ಯರ್ಥಿ ಲಿಂಡನ್ ಜಾನ್ಸನ್ ಎಂಬುದು ಮೊದಲೇ ನಿಶ್ಚಯ. ಮಿಸಿಸಿಪ್ಪಿಯಿಂದ ಪಕ್ಷ ಕಳಿಸಿದ ಪ್ರತಿನಿಧಿಗಳು ಬರೀ ಬಿಳಿಯರು. ಅದನ್ನು ಪ್ರಶ್ನಿಸಿ, ಯಾರು ಪ್ರತಿನಿಧಿಗಳೆಂದು ತೀರ್ಮಾನಿಸುವ ಅರ್ಹತಾ ಸಮಿತಿಯ ಮುಂದೆ ಕೂತವರು ಅದೇ ರಾಜ್ಯದ ಹತ್ತಿ ಹೊಲದಲ್ಲಿ ದುಡಿದ ಕಪ್ಪು ಮಹಿಳೆ ಫ್ಯಾನಿ ಲೂ ಹೇಮರ್.

ಅವರು ಮೊದಲು ಹೇಳುವುದು ತಮ್ಮ ಹೆಸರು, ಆಮೇಲೆ ಮನೆ ನಂಬರು, ಬೀದಿ, ಊರು. ನನಗೆ ಗಂಟಲು ಕಟ್ಟುವುದು ಅಲ್ಲಿಯೇ. ಆಮೇಲೆ ಮತದಾರರ ಪಟ್ಟಿಗೆ ಸೇರಲು ಹೋದದ್ದಕ್ಕೆ ಕೆಲಸ ಕಳೆದುಕೊಂಡದ್ದು, ವಿನೋನಾದ ಜೈಲಿನಲ್ಲಿ ಕೈದಿಗಳ ಕೈಯಿಂದ ಪೊಲೀಸರು ಹೊಡೆಸಿದ್ದು, ಎಲ್ಲವನ್ನೂ ಹೇಳುತ್ತಾರೆ. ಕ್ಯಾಮೆರಾಗಳನ್ನು ತನ್ನತ್ತ ತಿರುಗಿಸಿಕೊಳ್ಳಲು ಜಾನ್ಸನ್ ದಿಢೀರನೆ ಪತ್ರಿಕಾಗೋಷ್ಠಿ ಕರೆದರು. ಆದರೂ ಅದೇ ರಾತ್ರಿ ವಾಹಿನಿಗಳು ಆಕೆಯ ಮಾತನ್ನು ದೇಶಕ್ಕೆಲ್ಲ ತೋರಿಸಿದವು.

ಕೊನೆಗೆ ಹೇಮರ್ ಮತ್ತು ಅವರ ಸಂಗಡಿಗರಿಗೆ ಪಕ್ಷ ಕೊಡಲು ಒಪ್ಪಿದ್ದು ಎರಡೇ ಪ್ರತಿನಿಧಿ ಸ್ಥಾನ. ಅವರು ಬೇಡವೆಂದರು. ನಾಲ್ಕು ವರ್ಷಗಳ ನಂತರ, ಷಿಕಾಗೋ ಅಧಿವೇಶನದಲ್ಲಿ, ಹೇಮರ್ ಪ್ರತಿನಿಧಿಯಾಗಿ ಒಳಗೆ ಬಂದಾಗ ಸಭೆ ಎದ್ದು ನಿಂತಿತು.