ಚುಕ್ಕೆ ಹಾಕಿದ ಹೆಸರುಗಳು
ಸಾಗರ, ಭಾನುವಾರ, 23 ನವೆಂಬರ್ 2025

ಭಾನುವಾರ ಕ್ಲಿನಿಕ್‌ಗೆ ರಜೆ, ನನಗಿಲ್ಲ. ಮಧ್ಯಾಹ್ನದ ಊಟ ಆದದ್ದೇ ಕೌಂಟರಿಗೆ ಹೋಗಿ ಕೂತವಳು ದೀಪ ಹಚ್ಚುವ ಹೊತ್ತಿಗೆ ಎದ್ದೆ. ಎರಡು ತಿಂಗಳಿಂದ ಎಳೆದಾಡುತ್ತಿದ್ದ, ಬಿಲ್ಲು ಹೊಡೆಯಲು ಹೊಸ ಸಾಫ್ಟ್‌ವೇರ್ ಆರಿಸುವ ವಿಚಾರ ಇವತ್ತು ಒಂದು ದಡ ಮುಟ್ಟಿತು. ಇವರು ಕೊನೆಯವರೆಗೂ "ನೀನು ನೋಡಿದ್ದೇ ಸರಿ" ಎಂದು ಪೇಪರ್ ಓದುತ್ತಾ ಕೂತಿದ್ದರು. ರೋಗಿಯ ನಾಡಿ ಹಿಡಿಯುವುದು ಅವರ ಕೆಲಸ, ಗಲ್ಲಾ ಪೆಟ್ಟಿಗೆ ಹಿಡಿಯುವುದು ನನ್ನದು. ಹದಿನೆಂಟು ವರ್ಷದಿಂದ ಹೀಗೇ ನಡೆದಿದೆ.

ಇದೆಲ್ಲ ಶುರುವಾದದ್ದು ಸೆಪ್ಟೆಂಬರ್ 22ರಂದು. ಹೆಚ್ಚಿನ ಔಷಧಿಗಳ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದ ದಿನ. ಕ್ಲಿನಿಕ್‌ಗೆ ಹೊಂದಿಕೊಂಡೇ ಮೈದುನನ ಮೆಡಿಕಲ್ ಶಾಪ್ ಇದೆ. ಹಳೆ ಸ್ಟಾಕನ್ನು ಕಂಪನಿಗೆ ವಾಪಸ್ ಕಳಿಸಬೇಕಾಗಿಲ್ಲ, ಹೊಸ ದರಪಟ್ಟಿ ನೋಡಿ ಅದೇ ದರಕ್ಕೆ ಮಾರಿದರೆ ಸಾಕು ಎಂದು ಸರ್ಕಾರ ಹೇಳಿತ್ತು. ಹೇಳುವುದು ಸುಲಭ. ಮಾತ್ರೆಯ ಪಟ್ಟಿಯ ಮೇಲೆ ಅಚ್ಚಾದ ಎಂಆರ್‌ಪಿ ಒಂದು, ಬಿಲ್ಲಿನಲ್ಲಿ ಬರಬೇಕಾದದ್ದು ಇನ್ನೊಂದು. ನಮ್ಮ ಹಳೆಯ ಪ್ರೋಗ್ರಾಮಿನಲ್ಲಿ ತೆರಿಗೆ ಬದಲಿಸಬೇಕೆಂದರೆ ಒಂದೊಂದು ಮಾತ್ರೆಯ ಹೆಸರನ್ನೂ ತೆರೆದು ಕೈಯಾರೆ ತಿದ್ದಬೇಕು. ಸಾವಿರದ ನಾನೂರು ಐಟಂ! ಅದನ್ನು ಬರೆದುಕೊಟ್ಟ ಪುಣ್ಯಾತ್ಮ ಫೋನ್ ಎತ್ತುವುದನ್ನು ಬಿಟ್ಟು ವರ್ಷವಾಗಿತ್ತು. ಮೈದುನ ಮೂರು ರಾತ್ರಿ ನಿದ್ದೆಗೆಟ್ಟು ತಿದ್ದಿದ. ನಾಲ್ಕನೆಯ ದಿನ ಬಂದು, "ಅತ್ತಿಗೆ, ಇದನ್ನು ಹೊಳೆಗೆ ಬಿಡೋಣ" ಎಂದ. ಅದರ ಹಿಂದೆಯೇ ಅಕ್ಟೋಬರ್ 14ಕ್ಕೆ ವಿಂಡೋಸ್ 10ನ್ನೂ ಕಂಪನಿ ಕೈಬಿಟ್ಟಿತು. ಕಂಪ್ಯೂಟರೂ ಬದಲಾಗಬೇಕು, ಪ್ರೋಗ್ರಾಮೂ ಬದಲಾಗಬೇಕು ಎಂದಾಯಿತು.

ಹೊಳೆಗೆ ಬಿಡುವ ಮೊದಲು ಅದರೊಳಗಿನ ಲೆಕ್ಕ ಹೊರಗೆ ಬರಬೇಕಲ್ಲ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ತಂಗಿಯ ಮಗ ದೀಪಾವಳಿಗೆ ಬಂದಿದ್ದ. ಫಾಕ್ಸ್‌ಪ್ರೋ ಎಂಬ ಹಳೆಯ ಡೇಟಾಬೇಸಿನಲ್ಲಿದ್ದ ನಮ್ಮ ಫೈಲುಗಳನ್ನು ಲಿಬ್ರೆ ಆಫೀಸ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ತೆರೆದು ತೋರಿಸಿದ. ಅಂಕಿಗಳೆಲ್ಲ ಸರಿಯಾಗಿ ಬಂದವು. ಹೆಸರುಗಳು ಮಾತ್ರ ಇಂಗ್ಲಿಷ್ ಅಕ್ಷರಗಳಿಗೆ ಕೊಂಬು ಟೋಪಿ ಹಾಕಿದಂತೆ ಕಂಡವು. ಅವನ್ನು ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ನಾನೇ ಟೈಪ್ ಮಾಡಿದ್ದೆ. ಪರಿವರ್ತಕಕ್ಕೆ ಹಾಕಿದ ಮೇಲೆ ನಮ್ಮ ಗೌರಮ್ಮ, ಮಂಜಪ್ಪಂದಿರೆಲ್ಲ ಮುಖ ತೊಳೆದುಕೊಂಡು ಎದ್ದು ಬಂದರು. ಆವತ್ತೇ ತೀರ್ಮಾನ ಮಾಡಿದೆ: ಹೊಸದನ್ನು ಮಾರಲು ಯಾರೇ ಬರಲಿ, ನನ್ನ ಮೊದಲ ಪ್ರಶ್ನೆ "ಇದರಲ್ಲಿ ಏನೇನಿದೆ" ಅಲ್ಲ, "ನಾಳೆ ನಿಮ್ಮನ್ನು ಬಿಟ್ಟರೆ ನಮ್ಮ ಲೆಕ್ಕವನ್ನು ನಮ್ಮ ಕೈಗೆ ಹೇಗೆ ಕೊಡುತ್ತೀರಿ" ಎನ್ನುವುದು.

ಆಮೇಲೆ ಇನ್ನೊಂದು ಕೆಲಸ ಮಾಡಿದೆ. ಮಾರುವವರು ತೋರಿಸುವ ಡೆಮೊದಲ್ಲಿ ರೋಗಿ ಬರುತ್ತಾನೆ, ಐನೂರು ಕೊಡುತ್ತಾನೆ, ರಸೀದಿ ತಗೊಂಡು ಹೋಗುತ್ತಾನೆ. ಅಂಥವರು ನಮ್ಮಲ್ಲಿ ದಿನಕ್ಕೆ ಹತ್ತು ಜನ ಬಂದರೆ ಹೆಚ್ಚು. ಹಾಗಾಗಿ ರೋಗಿಗಳ ಲೆಕ್ಕವನ್ನು ಕೈಯಲ್ಲಿ ಬರೆಯುವ ನಮ್ಮ ಉದ್ದ ಪುಸ್ತಕದಿಂದಲೇ ಹತ್ತು ನಿಜವಾದ ಪ್ರಸಂಗ ಆರಿಸಿ, ಹೆಸರು ತೆಗೆದು, ಚೀಟಿ ಮಾಡಿಟ್ಟುಕೊಂಡೆ. ಅಜ್ಜಿಯೂ ಮೊಮ್ಮಗಳೂ ಒಟ್ಟಿಗೆ ಬಂದರು, ಇಬ್ಬರನ್ನೂ ನೋಡಿದ್ದಾಯಿತು, ಬಿಲ್ಲು ಒಂದೇ ಸಾಕಂತೆ. ಏಳು ದಿನದೊಳಗೆ ಬಂದರೆ ಫೀಸಿಲ್ಲ, ಆದರೆ ಮೊದಲು ಬಂದದ್ದು ಜ್ವರಕ್ಕೆ, ಈಗ ಬಂದದ್ದು ಕಾಲು ಉಳುಕಿ. ಹದಿನೈದರ ಪಟ್ಟಿಯಲ್ಲಿ ಆರು ಮಾತ್ರೆ ಸಾಕು ಎಂದವರು, ನಾಳೆ ಬಂದು ಅದರಲ್ಲಿ ಎರಡನ್ನು ವಾಪಸ್ ಕೊಡುವವರು. ನೂರು ಈಗ, ಉಳಿದದ್ದು ಅಡಿಕೆ ಮಂಡಿಗೆ ಹಾಕಿದ ಮೇಲೆ. ಒಂದೇ ಮೊಬೈಲ್ ನಂಬರಿನ ಐವರು. ಬಾಳೆಗೊನೆ. (ಹೌದು, ಫೀಸಿನ ಬದಲು ಬಾಳೆಗೊನೆ. ಅದನ್ನು ಯಾವ ಕಾಲಮ್ಮಿಗೆ ಬರೆಯುತ್ತೀರಿ?)

ಮೊದಲು ಬಂದದ್ದು ಲೆಕ್ಕವನ್ನೆಲ್ಲ ಇಂಟರ್ನೆಟ್ಟಿನಲ್ಲೇ ಇಡುವ ಬೆಂಗಳೂರಿನ ಒಂದು ಕ್ಲೌಡ್ ಕಂಪನಿಯ ಹುಡುಗ, ಬಂದದ್ದೂ ಪರದೆಯ ಮೇಲೆ. ತಿಂಗಳ ಬಾಡಿಗೆ, ಡಾಕ್ಟರೊಬ್ಬರಿಗೆ ಇಷ್ಟು ಎಂದು. ನೋಡಲು ಚೆಂದವೋ ಚೆಂದ. ಸರ್ಕಾರದ ಆರೋಗ್ಯ ಖಾತೆಯ ಆಭಾ ನಂಬರಿನ ಹದಿನಾಲ್ಕು ಅಂಕಿ ಹೊಡೆದರೆ ರೋಗಿಯ ವಿವರ ತಾನಾಗಿ ತುಂಬಿಕೊಳ್ಳುತ್ತದೆ ಎಂದ. "ಮಳೆಗಾಲದಲ್ಲಿ ಇಲ್ಲಿ ಮರ ಬಿದ್ದರೆ ಕರೆಂಟೂ ಇಲ್ಲ, ನೆಟ್ಟೂ ಇಲ್ಲ ಮಾರಾಯ" ಎಂದೆ. "ಆಫ್‌ಲೈನ್ ಮೋಡ್ ಇದೆ ಮೇಡಂ" ಎಂದ. ಪ್ರಯೋಗದ ಖಾತೆಯಲ್ಲಿ ಅರ್ಧ ಬಿಲ್ಲು ಹೊಡೆದು ರೂಟರಿನ ವೈರು ಕಿತ್ತೆ. ಪರದೆಯ ನಡುವೆ ಒಂದು ಚಕ್ರ ತಿರುಗತೊಡಗಿತು. ನಾನು ಒಳಗೆ ಹೋಗಿ ಕಾಫಿಗೆ ಹಾಲಿಟ್ಟು, ಕಾಯಿಸಿ, ಲೋಟ ಹಿಡಿದು ಬಂದರೂ ತಿರುಗುತ್ತಲೇ ಇತ್ತು.

ಅವರದರಲ್ಲಿ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿದ್ದು ಎಸ್‌ಎಂಎಸ್. ಬಿಲ್ಲು ಹೊಡೆದ ಕೂಡಲೇ ಯಾವ ಪರೀಕ್ಷೆ, ಯಾವ ಔಷಧಿ ಎಂಬ ವಿವರದ ಸಮೇತ ಮೊಬೈಲಿಗೆ ಸಂದೇಶ ಹೋಗುತ್ತದೆ. ಸೊಸೆಗೆ ನಂಬರು ಇಲ್ಲ, ಮಾವನ ನಂಬರು ಕೊಟ್ಟಿರುತ್ತಾಳೆ. ಅಜ್ಜಿ ಪಕ್ಕದ ಮನೆಯವರ ನಂಬರು ಕೊಟ್ಟಿರುತ್ತಾಳೆ. ಯಾರಿಗೆ ಏನು ತಿಳಿಯಬಾರದು ಎನ್ನುವುದು ಕೌಂಟರಿನಲ್ಲಿ ಕೂತವರಿಗೆ ಗೊತ್ತು, ಸಾಫ್ಟ್‌ವೇರಿಗೆ ಗೊತ್ತಿಲ್ಲ. ಜನರ ಖಾಸಗಿ ವಿವರಗಳನ್ನು ಕಾಪಾಡುವ 2023ರ ದತ್ತಾಂಶ ಕಾಯ್ದೆಗೆ ಈ ತಿಂಗಳು ನಿಯಮಗಳೂ ಬಂದಿವೆ. ಕಾಯ್ದೆ ಬರಲಿ ಬಿಡಲಿ, ಅದನ್ನು ಆಫ್ ಮಾಡಲು ಆಗುತ್ತದೆಯೇ ಎಂದು ಕೇಳಿದೆ. "ಎಲ್ಲರಿಗೂ ಆಫ್ ಮಾಡಬಹುದು, ಒಬ್ಬರಿಗೆ ಮಾತ್ರ ಆಗಲ್ಲ" ಎಂದ.

ಎರಡನೆಯದು ಶಿವಮೊಗ್ಗದ ಡೀಲರ್ ತಂದ ಫಾರ್ಮಸಿ ಸಾಫ್ಟ್‌ವೇರ್. ಒಮ್ಮೆ ಲೈಸೆನ್ಸಿಗೆ ದುಡ್ಡು, ಆಮೇಲೆ ವರ್ಷಕ್ಕೊಮ್ಮೆ ಎಎಂಸಿ ಎಂಬ ನಿರ್ವಹಣೆಯ ದುಡ್ಡು. ಮೈದುನನ ಕಣ್ಣು ಅರಳಿತು. ಬ್ಯಾಚು, ಎಕ್ಸ್‌ಪೈರಿ, ಬಿಡಿ ಮಾತ್ರೆ, ವಾಪಸ್ ಬಂದ ಮಾತ್ರೆ, ಎಲ್ಲಕ್ಕೂ ಅದರಲ್ಲಿ ಉತ್ತರವಿದೆ. ತೆರಿಗೆ ದರವನ್ನು ಒಂದೇ ಏಟಿಗೆ ಬದಲಿಸಬಹುದು. 2014ರ ಮಾರ್ಚಿನಿಂದ ಎಚ್1 ಶೆಡ್ಯೂಲಿನ, ಅಂದರೆ ಮಾರಾಟಕ್ಕೆ ಹೆಚ್ಚು ಕಟ್ಟುನಿಟ್ಟಿರುವ ಔಷಧಿಗೆ ಬೇರೆ ರಿಜಿಸ್ಟರ್ ಇಡಬೇಕು: ಬರೆದ ಡಾಕ್ಟರ ಹೆಸರು, ರೋಗಿಯ ಹೆಸರು, ಔಷಧಿ, ಎಷ್ಟು. ಮೂರು ವರ್ಷ ಕಾಪಾಡಬೇಕು. ಅವನು ಅದನ್ನು ಇಷ್ಟು ದಿನ ಕೈಯಲ್ಲೇ ಬರೆಯುತ್ತಿದ್ದ. ಇದು ಬಿಲ್ಲಿನಿಂದ ತಾನೇ ಎತ್ತಿಕೊಳ್ಳುತ್ತದೆ.

ಆದರೆ ಡಾಕ್ಟರ ಫೀಸು? "ಅದನ್ನೂ ಒಂದು ಐಟಂ ಮಾಡಿ ಮೇಡಂ" ಎಂದು ಡೀಲರ್ ಮಾಡಿ ತೋರಿಸಿದರು. ಪ್ಯಾರಾಸಿಟಮಾಲ್, ಪ್ಯಾಂಟೊಪ್ರಜೋಲ್ ಸಾಲಿನಲ್ಲಿ 'ಕನ್ಸಲ್ಟೇಶನ್' ಎಂದೂ ಒಂದು. ಸ್ವಲ್ಪ ಹೊತ್ತಿಗೆ ವರದಿ ತೆಗೆದರೆ ಸ್ಟಾಕ್ ಮೈನಸ್ 7. ಇವರು ಪೇಪರಿನ ಮೇಲಿಂದ ತಲೆ ಎತ್ತಿ, "ನನ್ನ ಎಕ್ಸ್‌ಪೈರಿ ಯಾವಾಗಂತೆ?" ಎಂದರು.

ಆಡಿಟರಿಗೆ ಫೋನ್ ಮಾಡಿದರೆ ಅವರು ನಗಲಿಲ್ಲ. ಫೀಸು ಇವರ ಪ್ಯಾನಿಗೆ ಬರುವ ಆದಾಯ, ಔಷಧಿ ಮೈದುನನ ವ್ಯಾಪಾರ. ಜಿಎಸ್‌ಟಿ ಬಂದ 2017ರಿಂದಲೂ ಡಾಕ್ಟರ ಚಿಕಿತ್ಸೆಗೆ ತೆರಿಗೆ ಇಲ್ಲ, ಔಷಧಿಗೆ ಇದೆ. ಎರಡನ್ನೂ ಒಂದೇ ಬಿಲ್ಲಿಗೆ ಹಾಕಿ ಇಬ್ಬರ ಲೆಕ್ಕವನ್ನೂ ಕೆಡಿಸಬೇಡಿ ಎಂದರು. ಕ್ಯೂಆರ್ ಕೋಡನ್ನೂ ಬೇರೆ ಬೇರೆ ಇಡಿ ಎಂದರು. ಜುಲೈಯಲ್ಲಿ ಯುಪಿಐ ಲೆಕ್ಕ ಹಿಡಿದು ಬೇಕರಿ, ತರಕಾರಿಯವರಿಗೆಲ್ಲ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸ್ ಹೋದದ್ದು, ಅಂಗಡಿಗಳಲ್ಲಿ 'ಯುಪಿಐ ಇಲ್ಲ' ಎಂದು ಬೋರ್ಡ್ ನೇತಾಡಿದ್ದು ನಮ್ಮ ಮೈದುನನಿಗೆ ಇನ್ನೂ ಮರೆತಿಲ್ಲ. ಅವನ ಕೋಡಿಗೆ ಯಾರಾದರೂ ಡಾಕ್ಟರ ಫೀಸು ಹಾಕಿದರೆ ಈಗ ಬೆಂಕಿ ಬಿದ್ದವರಂತೆ ಓಡಿ ಬರುತ್ತಾನೆ.

ತಂಗಿಯ ಮಗ ತಾನೂ ಒಂದು ತಂದಿದ್ದ, ಬಹ್ಮ್ನಿ ಎಂಬ ಆಸ್ಪತ್ರೆಯ ಸಾಫ್ಟ್‌ವೇರ್. ಓಪನ್ ಸೋರ್ಸ್, ಅಂದರೆ ಅದರ ಕೋಡು ಎಲ್ಲರಿಗೂ ಮುಕ್ತ. ಛತ್ತೀಸಗಢದ ಗನಿಯಾರಿಯಲ್ಲಿ ಬಡವರಿಗಾಗಿ ನಡೆಯುವ ಜನ್ ಸ್ವಾಸ್ಥ್ಯ ಸಹಯೋಗದ ಆಸ್ಪತ್ರೆಗೆಂದು ಮೊದಲು ಕಟ್ಟಿದ್ದಂತೆ. ಕೇಳಿಯೇ ಮನಸ್ಸು ಸೋತಿತು. ಲೈಸೆನ್ಸಿಗೆ ದುಡ್ಡಿಲ್ಲ, ಲೆಕ್ಕ ನಮ್ಮ ಯಂತ್ರದಲ್ಲೇ ಇರುತ್ತದೆ. ಆದರೆ ರೋಗಿಯ ದಾಖಲೆಗೆ ಒಂದು ಪ್ರೋಗ್ರಾಮು, ಬಿಲ್ಲಿಗೆ ಓಡೂ ಎಂಬ ಇನ್ನೊಂದು, ಲ್ಯಾಬಿಗೆ ಮತ್ತೊಂದು, ಎಲ್ಲವನ್ನೂ ಹೆಣೆದಿಟ್ಟದ್ದು. ಅದು ಆಸ್ಪತ್ರೆಗೆ ಸರಿ. "ನೀನು ಬೆಂಗಳೂರಿಗೆ ಹೋದ ಮೇಲೆ ಇದು ಮುನಿಸಿಕೊಂಡರೆ ರಮಿಸುವವರು ಯಾರು?" ಎಂದೆ. "ದೊಡ್ಡಮ್ಮ, ಅದೊಂದು ಕಷ್ಟವೇ" ಎಂದು ಅವನೇ ಒಪ್ಪಿದ.

ಈಗ ಚುಕ್ಕೆಯ ವಿಚಾರ. ಮಾವನವರು 1974ರಲ್ಲಿ ಪ್ರಾಕ್ಟೀಸ್ ಶುರು ಮಾಡಿದಾಗಲೇ ಈ ಪದ್ಧತಿ ಇಟ್ಟದ್ದು. ಉದ್ದ ಪುಸ್ತಕದಲ್ಲಿ ಕೆಲವರ ಹೆಸರಿನ ಎಡಕ್ಕೆ ಪೆನ್ಸಿಲಿನ ಒಂದು ಸಣ್ಣ ಚುಕ್ಕೆ. ಚುಕ್ಕೆ ಇದ್ದವರ ಹತ್ತಿರ ದುಡ್ಡು ಕೇಳಬಾರದು. ಕೊಟ್ಟರೆ ತಗೊಳ್ಳಬೇಕು, ಎಷ್ಟು ಕೊಟ್ಟರೂ ಎಣಿಸದೆ ತಗೊಳ್ಳಬೇಕು. ಬಾಕಿ ಎಂದು ಬರೆಯಬಾರದು. ಗೋಡೆಯ ಮೇಲೆ ಖಾಸಗಿ ಕ್ಲಿನಿಕ್ ನೋಂದಣಿಯ ಕೆಪಿಎಂಇ ಸರ್ಟಿಫಿಕೇಟು, ಅದರ ಪಕ್ಕ ಶುಲ್ಕದ ಬೋರ್ಡು, 'ಕನ್ಸಲ್ಟೇಶನ್ 150 ರೂ.' ಎಂದು. ಬೋರ್ಡು ಎಲ್ಲರಿಗೂ, ಚುಕ್ಕೆ ನಮಗೆ.

ನಾನು ನೋಡಿದ ಒಂದೊಂದು ಸಾಫ್ಟ್‌ವೇರಿಗೂ ಈ ಚುಕ್ಕೆ ಗಂಟಲಲ್ಲಿ ಸಿಕ್ಕಿಕೊಂಡಿತು. ಒಂದರಲ್ಲಿ ಪೂರ್ತಿ ಕಟ್ಟದಿದ್ದರೆ ಉಳಿದದ್ದು ಬಾಕಿಯಾಗಿ, ಮುಂದಿನ ಸಲ ಬಂದಾಗ ಕೆಂಪಕ್ಷರದಲ್ಲಿ ಹೊಳೆಯುತ್ತದೆ, ರಸೀದಿಯ ಮೇಲೂ ಅಚ್ಚಾಗುತ್ತದೆ. ಇನ್ನೊಂದರಲ್ಲಿ ಫೀಸು ಸೊನ್ನೆ ಮಾಡಬೇಕೆಂದರೆ ಡಿಸ್ಕೌಂಟಿಗೆ ಕಾರಣ ಆರಿಸಬೇಕು: ಸಿಬ್ಬಂದಿ, ಸಂಬಂಧಿಕರು, ಶಿಬಿರ, ದೂರು. ಬೆಳಗಿನ ಬಸ್ಸಿಗೆ ಬಂದು, ಸೆರಗಿನ ಗಂಟು ಬಿಚ್ಚಿ ಮೂವತ್ತು ರೂಪಾಯಿ ಇಡುವವಳು ಇದರಲ್ಲಿ ಯಾವುದು? ಅಡಿಕೆ ಮಾರಿ ಕೊಡುತ್ತೇನೆ ಎಂದವರದು ಬಾಕಿ, ಅದು ಬರೆಯಬೇಕಾದದ್ದೇ, ಅವರೂ ಬರೆದುಕೊಳ್ಳಿ ಎಂದೇ ಹೇಳುತ್ತಾರೆ. ಇವಳದು ಬಾಕಿಯಲ್ಲ, ಡಿಸ್ಕೌಂಟೂ ಅಲ್ಲ. ಇವೆರಡರ ವ್ಯತ್ಯಾಸ ಗೊತ್ತಿಲ್ಲದ್ದನ್ನು ನಮ್ಮ ಕೌಂಟರಿನಲ್ಲಿ ಕೂರಿಸಲು ನನಗೆ ಮನಸ್ಸಿಲ್ಲ.

ಚುಕ್ಕೆಯ ಪದ್ಧತಿ ಭಾರಿ ನ್ಯಾಯದ್ದು ಎಂದೇನೂ ಅಲ್ಲ. ಮಾವನವರ ಕಾಲದಲ್ಲಿ ಚುಕ್ಕೆ ಬಿದ್ದ ಒಬ್ಬರಿಗೆ ಈಗ ನಾಲ್ಕು ಎಕರೆ ಅಡಿಕೆ ತೋಟ, ಎರಡು ಕಾರು. ಈಗಲೂ ಹತ್ತು ರೂಪಾಯಿ ಇಟ್ಟು ಹೋಗುತ್ತಾರೆ. "ಅಪ್ಪ ಹಾಕಿದ್ದನ್ನು ಅಳಿಸುವುದು ಹ್ಯಾಗೆ" ಎಂದು ಇವರು. ರಬ್ಬರು ನನ್ನ ಡ್ರಾಯರಿನಲ್ಲೇ ಇದೆ, ನಾನೂ ಅಳಿಸಿಲ್ಲ.

ಕೊನೆಗೆ ಒಪ್ಪಿಗೆಯಾದದ್ದು ಹುಬ್ಬಳ್ಳಿಯ ಇಬ್ಬರು ಹುಡುಗರ ಸಣ್ಣದೊಂದು ಪ್ರೋಗ್ರಾಮು. ಫಾರ್ಮಸಿಗೆ ಶಿವಮೊಗ್ಗದ್ದು, ಕ್ಲಿನಿಕ್‌ಗೆ ಇದು. ಎರಡು ಬಿಲ್ಲು, ಎರಡು ಲೆಕ್ಕ, ಆಡಿಟರೂ ಸಮಾಧಾನ. ಇದರಲ್ಲಿ ಆಭಾ ಇಲ್ಲ, ಅಪಾಯಿಂಟ್‌ಮೆಂಟ್ ಇಲ್ಲ, ಬಣ್ಣಬಣ್ಣದ ಗ್ರಾಫೂ ಇಲ್ಲ. ನೆಟ್ ಇಲ್ಲದಿದ್ದರೂ ನಡೆಯುತ್ತದೆ. ದಿನದ ಕೊನೆಗೆ ಎಲ್ಲವೂ ಎಕ್ಸೆಲ್ ಆಗಿ ಪೆನ್‌ಡ್ರೈವಿಗೆ ಇಳಿಯುತ್ತದೆ, ಆದಾಯ ತೆರಿಗೆಗಾಗಿ ಡಾಕ್ಟರುಗಳು ದಿನದ ರೋಗಿಗಳ ಲೆಕ್ಕ ಬರೆದಿಡುವ 3ಸಿ ನಮೂನೆಗೆ ಬೇಕಾದ ಕ್ರಮದಲ್ಲೇ: ತಾರೀಖು, ಕ್ರಮಸಂಖ್ಯೆ, ರೋಗಿಯ ಹೆಸರು, ಏನು ಚಿಕಿತ್ಸೆ, ಫೀಸು, ಯಾವತ್ತು ಬಂತು.

ಇವತ್ತು ಅವರಲ್ಲಿ ಒಬ್ಬ ಫೋನಿನಲ್ಲೇ ಕೂತು ನನ್ನ ಹತ್ತು ಚೀಟಿಯನ್ನೂ ಒಂದೊಂದಾಗಿ ಹೊಡೆಸಿದ. ಎಂಟು ಪಾಸು. ಬಾಳೆಗೊನೆ ಫೇಲು, ಅದು ಪಾಸಾಗುತ್ತದೆಂದು ನಾನೂ ನಿರೀಕ್ಷಿಸಿರಲಿಲ್ಲ. ಚುಕ್ಕೆಗೆ ಮಾತ್ರ ಅರ್ಧ ಗಂಟೆ ಹಿಡಿಯಿತು. ಮೊದಲು ಅವನು 'ರಿಯಾಯಿತಿ ವರ್ಗ' ಎಂದು ಹೆಸರಿಟ್ಟು ಮಾಡಿದ. "ಹೆಸರು ಬೇಡ ತಮ್ಮಾ, ಬರೀ ಚುಕ್ಕೆ ಸಾಕು. ರಸೀದಿಯಲ್ಲಿ ಬರಬಾರದು, ವರದಿಯಲ್ಲಿ ಬರಬಾರದು" ಎಂದೆ. "ವರದಿಯಲ್ಲೂ ಬರದಿದ್ದರೆ ಅದರಿಂದ ಉಪಯೋಗ ಏನ್ರೀ ಮೇಡಂ?" ಎಂದ. ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಕೀಲಿಮಣೆಯ ಸದ್ದು ಮಾತ್ರ ಕೇಳಿತು. ಆಮೇಲೆ ಪರದೆಯಲ್ಲಿ ಹೆಸರಿನ ಎಡಕ್ಕೆ ಒಂದು ಬೂದುಬಣ್ಣದ ಚುಕ್ಕೆ ಮೂಡಿತು.

ಇನ್ನೊಂದು ತಕರಾರು ಬಾಕಿ ಇದೆ, ಪ್ರಿಂಟರಿನದು. ಥರ್ಮಲ್ ಪ್ರಿಂಟರಿಗೆ ಕನ್ನಡ ಕಳಿಸಿದರೆ ಒತ್ತಕ್ಷರ ಕಳಚಿ ಪಕ್ಕಕ್ಕೆ ಬೀಳುತ್ತದೆ. 'ಕೃಷ್ಣಪ್ಪ' ಮೂರು ತುಂಡಾಗಿ ಬಂದ. ಅಕ್ಷರವಾಗಿ ಕಳಿಸುವ ಬದಲು ಇಡೀ ಬಿಲ್ಲನ್ನು ಚಿತ್ರವಾಗಿ ಕಳಿಸಿದರೆ ಸರಿಹೋಗುತ್ತದೆ, ಬುಧವಾರದೊಳಗೆ ಮಾಡಿಕೊಡುತ್ತೇನೆ ಎಂದಿದ್ದಾನೆ. ಮೆಡಿಕಲ್ ಬಿಲ್ಲಿನ ದುಡ್ಡು ಇಲಾಖೆಯಿಂದ ವಾಪಸ್ ಪಡೆಯುವ ಮೇಷ್ಟ್ರುಗಳಿಗೆ ಥರ್ಮಲ್ ಕಾಗದ ಹೇಗೂ ಆಗುವುದಿಲ್ಲ, ಫೈಲು ಮೇಜಿನಿಂದ ಮೇಜಿಗೆ ಹೋಗುವಷ್ಟರಲ್ಲಿ ಅಕ್ಷರವೇ ಮಾಸಿಹೋಗಿರುತ್ತದೆ. ಅವರಿಗೆ ಹಳೆಯ ಲೇಸರ್ ಪ್ರಿಂಟರಿನಲ್ಲಿ ಅರ್ಧ ಹಾಳೆ.

ಫೆಬ್ರವರಿಯಲ್ಲಿ ಮಾರಿಜಾತ್ರೆ, ಮೂರು ವರ್ಷಕ್ಕೊಮ್ಮೆ ಬರುವುದು, ಊರಿಗೆ ಊರೇ ತುಂಬಿರುತ್ತದೆ. ಅಷ್ಟರೊಳಗೆ ಕಂಪೌಂಡರಣ್ಣನ ಕೈ ಕೀಲಿಮಣೆಗೆ ಹದವಾಗಬೇಕು. ನಾಳೆ ಎಂಟು ಗಂಟೆಗೇ ಬರಲು ಹೇಳಿದ್ದೇನೆ. ಒಂದು ತಿಂಗಳು ಪುಸ್ತಕದಲ್ಲೂ ಬರೆಯೋಣ, ಕಂಪ್ಯೂಟರಿನಲ್ಲೂ ಹೊಡೆಯೋಣ, ಆಮೇಲೆ ಪುಸ್ತಕ ನಿಲ್ಲಿಸೋಣ ಎಂದಾಗ "ಆಯ್ತಮ್ಮ" ಎಂದು ತಲೆಯಾಡಿಸಿದ್ದರು. ಸಂಜೆ ಮೈದುನ ಹೇಳಿದ, ಪೇಟೆಯಲ್ಲಿ ಸಿಕ್ಕಿದ್ದರಂತೆ, 2026ಕ್ಕೆ ಹೊಸ ಉದ್ದ ಪುಸ್ತಕಕ್ಕೆ ಅಡ್ವಾನ್ಸ್ ಕೊಟ್ಟು ಬರುತ್ತಿದ್ದರಂತೆ.